ಪಕ್ಕದ ಬಾಗಿಲಿನ ರಂಗೋಲಿ

ನನ್ನನ್ನು ಯಾರೂ ಬೈದಿಲ್ಲ, ಯಾರೂ ನೂಕಿಲ್ಲ. ಒಬ್ಬ ಮನುಷ್ಯ ಸತ್ತ. ಅದು ಗೊತ್ತಿಲ್ಲದೆ ನಾನು ಅವನ ಬಾಗಿಲಿಗೆ ಬಣ್ಣ ತುಂಬಿದ ರಂಗೋಲಿ ಹಾಕಿದೆ. ಅವನ ತಮ್ಮ ಬಂದು ಅದನ್ನು ಕಾಲಿನಿಂದ ಅಳಿಸಿದ. ನಡೆದದ್ದು ಇಷ್ಟೇ. ಇದಕ್ಕಿಂತ ಹೆಚ್ಚಿನದೇನಾದರೂ ನಿಮ್ಮ ಕಿವಿಗೆ ಬಿದ್ದಿದ್ದರೆ ಅದು ನಮ್ಮ ಕಟ್ಟಡದ ವಾಟ್ಸಪ್ ಗುಂಪಿನಲ್ಲಿ ಹುಟ್ಟಿದ್ದು. ಅಲ್ಲಿ ಮಾತು ಲಿಫ್ಟಿಗಿಂತ ಬೇಗ ಮೇಲೇರುತ್ತದೆ.

ಕಟ್ಟಡ ದಾವಣಗೆರೆಯ ನಟ್ಟನಡುವೆ ಇದೆ. ಮಗಳು ಮಂಗಳಾ, ಅಳಿಯ ಮೊದಲು ದೇವರಾಜ ಅರಸು ಬಡಾವಣೆಯಲ್ಲಿ ಬಾಡಿಗೆಗೆ ಇದ್ದರು. ಇಲ್ಲಿ ಮನೆ ಕೊಂಡ ಮೇಲೆ ಹರಿಹರದಿಂದ ನನ್ನನ್ನೂ ಕರೆತಂದರು. ಒಂಬತ್ತನೇ ಅಂತಸ್ತು. ಕಿಟಕಿಯಲ್ಲಿ ನಿಂತರೆ ಊರೆಲ್ಲ ಕಾಣುತ್ತದೆ, ಊರಿನ ಒಬ್ಬರ ಮುಖವೂ ಕಾಣುವುದಿಲ್ಲ. ಮೊದಲ ದಿನ ಮಂಗಳಾ ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಹೆಂಗೈತೆ ಅಂತ ಕೇಳಿದಳು. ನೀರಿನ ಟ್ಯಾಂಕಿನ ಮೇಲೆ ಹತ್ತಿ ಕೂತಂಗೈತೆ ಅಂದೆ. ಅವಳಿಗೆ ಬೇಸರವಾಯಿತು. ಬೇಸರವಾಗಲಿ ಅಂತ ಹೇಳಿದ್ದಲ್ಲ, ಕೇಳಿದಳು, ಹೇಳಿದೆ. ನನ್ನ ಬಾಯಿ ಮೊದಲಿಂದ ಹೀಗೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಸುತ್ತಿ ಬಳಸಿ ಮಾತಾಡುವ ಪಾಠ ನಾಲ್ಕನೇ ಕ್ಲಾಸಿನಲ್ಲಿ ಇತ್ತೇನೋ.

ನಮ್ಮ ಅಂತಸ್ತಿನಲ್ಲಿ ನಾಲ್ಕು ಬಾಗಿಲು. ಎದುರಿನ ಎರಡು ಮನೆಯವರನ್ನು ನಾನು ಗುರುತು ಹಿಡಿಯುವುದು ಅವರ ಚಪ್ಪಲಿಯಿಂದ. ಒಂದು ಬಾಗಿಲು ನಮ್ಮದು. ನಮ್ಮ ಪಕ್ಕದ್ದು ದಿನದ ಬಾಡಿಗೆಯ ಮನೆ. ಅದರ ಮಾಲೀಕ ಬೇರೆ ಊರಲ್ಲಿದ್ದಾನೆ. ಫೋನಿನಲ್ಲೇ ಬಾಡಿಗೆಗೆ ಕೊಡುತ್ತಾನೆ, ಬೀಗದ ನಂಬರನ್ನೂ ಫೋನಿನಲ್ಲೇ ಕಳಿಸುತ್ತಾನೆ. ಆ ಬೀಗಕ್ಕೆ ಕೀಲಿಕೈ ಇಲ್ಲ. ಸರಿಯಾದ ಅಂಕಿ ಒತ್ತಿದರೆ ಗುಬ್ಬಿಯ ಹಾಗೆ ಚೀಂವ್ ಎಂದು ತೆರೆಯುತ್ತದೆ, ತಪ್ಪು ಒತ್ತಿದರೆ ಹಸುಗೂಸಿನ ಹಾಗೆ ಅಳುತ್ತದೆ. ಅದು ಅತ್ತಾಗಲೆಲ್ಲ ಬಂದವರು ನಮ್ಮ ಮನೆಯ ಬೆಲ್ಲು ಒತ್ತುತ್ತಾರೆ, ಬಾಗಿಲು ತೆಗೆಯಲು ಬರುವುದು ನಾನು.

ಎಂಥೆಂಥವರು ಬಂದರು! ಮದುವೆಗೆ ಬಂದ ಒಂದು ಗುಂಪಿನ ಹೆಂಗಸರು ಹೊರಗಿನ ಪ್ಯಾಸೇಜಿನಲ್ಲೇ ಜಮಖಾನ ಹಾಸಿ ಸೀರೆ ಇಸ್ತ್ರಿ ಮಾಡಿದರು. ಅಕ್ಕಿ ಗಿರಣಿಗೆ ಯಂತ್ರ ಮಾರುವವನೊಬ್ಬ ವಾರ ಇದ್ದ. ಹೋಗುವಾಗ, ಬೇಕಾದರೆ ಫೋನ್ ಮಾಡಿ ಅಂತ ಯಂತ್ರದ ಚಿತ್ರ ಇದ್ದ ಕಾಗದವನ್ನು ನನ್ನ ಕೈಗೆ ಕೊಟ್ಟ. ಅದನ್ನು ಅಕ್ಕಿ ಡಬ್ಬಿಯ ಕೆಳಗೆ ಹಾಕಿದ್ದೇನೆ. ಹರೆಯದ ಜೋಡಿಯೊಂದು ಬಂತು. ಮದುವೆಯಾಗಿತ್ತೋ ಇಲ್ಲವೋ ನಾನು ಕೇಳಲಿಲ್ಲ, ಎದುರು ಮನೆಯವರು ಕೇಳಿದರಂತೆ. ಒಂದು ಸಲ ಕುಡಿದು ಬಂದವರು ನಮ್ಮ ಬೆಲ್ಲು ಒತ್ತಿಯೇ ಒತ್ತಿದರು. ಆವತ್ತಿನಿಂದ ಮಂಗಳಾಗೆ ಆ ಮನೆ ಅಂದರೆ ಆಗುವುದಿಲ್ಲ. ಅವಳದು ತಪ್ಪಲ್ಲ. ಅಸೋಸಿಯೇಷನ್ನಿನವರೂ ಅದನ್ನು ಬಂದ್ ಮಾಡಿಸಬೇಕೆಂದು ಕಾಯುತ್ತಿದ್ದರು.

ಆದರೆ ಇವರೆಲ್ಲ ಅಪರೂಪದವರು. ಹೆಚ್ಚಾಗಿ ಬರುವವರು ಆಸ್ಪತ್ರೆಯವರು. ಈ ಊರಿಗೆ ಸುತ್ತಲಿನ ಜಿಲ್ಲೆಗಳವರೆಲ್ಲ ರೋಗಿಗಳನ್ನು ಕರೆದುಕೊಂಡು ಬರುತ್ತಾರೆ. ರೋಗಿ ಆಸ್ಪತ್ರೆಯಲ್ಲಿ, ಜೊತೆಯವರು ಇಲ್ಲಿ. ಒಂದು ಕೈಯಲ್ಲಿ ಎಕ್ಸ್‌ರೇ ಕವರು, ಇನ್ನೊಂದರಲ್ಲಿ ಫ್ಲಾಸ್ಕು. ಲಿಫ್ಟಿನಲ್ಲಿ ಗೋಡೆ ನೋಡಿಕೊಂಡು ನಿಲ್ಲುತ್ತಾರೆ. ಹೆಸರು ಕೇಳಿ ತಿಳಿಯುವುದರೊಳಗೆ ಹೋಗಿರುತ್ತಾರೆ. ರೋಗಿಯನ್ನು ನಡೆಸಿಕೊಂಡು ಹೋದರೋ ಹೊತ್ತುಕೊಂಡು ಹೋದರೋ ನಮಗೆ ತಿಳಿಯುವುದಿಲ್ಲ. ಮಾರನೇ ದಿನ ಬೀಗ ಮತ್ತೆ ಚೀಂವ್ ಅನ್ನುತ್ತದೆ.

ಇಂಥ ಮನೆಯ ಬಾಗಿಲಿಗೆ ನಾನ್ಯಾಕೆ ರಂಗೋಲಿ ಹಾಕುತ್ತಿದ್ದೆ ಅಂತ ಮಂಗಳಾ ಕೇಳಿದ್ದಳು, ನೀವೂ ಕೇಳುತ್ತೀರಿ. ಅದನ್ನು ಹೇಳಬೇಕಾದರೆ ನನ್ನ ತವರು ಭಾನುವಳ್ಳಿಗೆ ಹೋಗಬೇಕು.

ನಾನು ಲಂಗ ಹಾಕುವ ಹುಡುಗಿಯಾಗಿದ್ದಾಗ ಅವ್ವ ಬೆಳಿಗ್ಗೆ ಎಬ್ಬಿಸಿ, ನಾಲೆಯಿಂದ ನೀರು ತರಲು ಕಳಿಸುತ್ತಿದ್ದಳು. ಬಂದ ಕೂಡಲೇ ಅವಳು ಕೇಳುತ್ತಿದ್ದ ಮೊದಲ ಮಾತು, ಬಾಗ್ಲು ನೋಡ್ಕಂಡು ಬಂದ್ಯಾ ಅಂತ. ನಾಲೆಗೆ ಹೋಗುವ ದಾರಿಯ ಎರಡೂ ಕಡೆ ಮನೆಗಳು. ಎಲ್ಲ ಅಂಗಳಕ್ಕೂ ಸಗಣಿ ನೀರು, ಎಲ್ಲ ಹೊಸ್ತಿಲ ಮುಂದೂ ಬಿಳಿ ರಂಗೋಲಿ. ಯಾವ ಬಾಗಿಲು ಬೋಳಾಗಿದೆಯೋ ಆ ಮನೆಯಲ್ಲಿ ಯಾರೋ ಹೋಗಿದ್ದಾರೆ ಎಂದು ಅರ್ಥ. ಯಾರೂ ಬಂದು ಹೇಳಬೇಕಾಗಿರಲಿಲ್ಲ. ಇಂಥವರ ಬಾಗಿಲು ಬೋಳೈತೆ ಅಂತ ನಾನು ಹೇಳಿದರೆ ಅವ್ವ ಕೈಯಲ್ಲಿದ್ದ ರಂಗೋಲಿ ಬಟ್ಟಲನ್ನು ಕೆಳಗಿಟ್ಟು, ಸೆರಗು ಹೊದ್ದು ಹೊರಟುಬಿಡುತ್ತಿದ್ದಳು. ಅಂದು ನಮ್ಮ ಬಾಗಿಲೂ ಬೋಳೇ. ಊರಿನ ಸುದ್ದಿಯನ್ನೆಲ್ಲ ನಾವು ನೆಲದಲ್ಲಿ ಓದುತ್ತಿದ್ದೆವು. ನನಗೆ ಸರಿಯಾಗಿ ಬಂದ ಓದು ಅದೊಂದೇ.

ಓದು ಬಂತು, ಬರಹ ಬರಲಿಲ್ಲ. ನನಗೆ ಹಾಕಲು ಬರುವುದು ಒಂದೇ ರಂಗೋಲಿ, ಎಂಟು ಎಸಳಿನ ಹೂವು, ಅದರಲ್ಲಿ ಎರಡು ಎಸಳು ಯಾವಾಗಲೂ ಸೊಟ್ಟ. ಮದುವೆಯಾಗಿ ಹರಿಹರಕ್ಕೆ ಬಂದ ಹೊಸದರಲ್ಲಿ ನಮ್ಮತ್ತೆ ಅದನ್ನು ನೋಡಿ, ಕೋಳಿ ಯಾವಾಗ ಬಂದಿತ್ತು ಅಂತ ಕೇಳಿದ್ದರು. ಕೆದರಿ ಹೋಗಿದೆ ಅಂದುಕೊಂಡಿದ್ದರಂತೆ. ಐವತ್ತು ವರ್ಷ ಅದೇ ಹೂವನ್ನು ಹಾಕಿದೆ. ಎಸಳು ನೆಟ್ಟಗಾಗಲಿಲ್ಲ, ನಾನೂ ಬಿಡಲಿಲ್ಲ.

ಇಲ್ಲಿಗೆ ಬಂದಾಗ ನಮ್ಮ ಬಾಗಿಲಲ್ಲಿ ಆಗಲೇ ರಂಗೋಲಿ ಇತ್ತು. ಬಗ್ಗಿ ಮುಟ್ಟಿ ನೋಡಿದೆ, ಸ್ಟಿಕ್ಕರು. ನವಿಲು, ಕಮಲ, ಬಂಗಾರದ ಗೆರೆ, ಎಲ್ಲ ಅಚ್ಚುಕಟ್ಟು. ಪುಡಿ ಹಾಕಿದರೆ ಒರೆಸುವವರು ಗೊಣಗುತ್ತಾರೆ, ಇದಾದರೆ ಒಂದು ಸಲ ಅಂಟಿಸಿದರೆ ಮುಗಿಯಿತು ಅಂದಳು ಮಂಗಳಾ. ಮುಗಿಯಿತು, ನಿಜ. ಹಬ್ಬಕ್ಕೂ ಅದೇ, ಸಾವಿಗೂ ಅದೇ. ಎದುರಿನ ಎರಡು ಬಾಗಿಲಿಗೂ ಅಂಥದೇ ಸ್ಟಿಕ್ಕರು. ಪಕ್ಕದ ಬಾಗಿಲೊಂದೇ ಬೋಳು. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಆ ಬೋಳು ನೆಲ ಕಣ್ಣಿಗೆ ಬೀಳುತ್ತಿತ್ತು. ದಿನಾ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಹೆಣ ಇದ್ದ ಹಾಗೆ. ತಡೆಯುವಷ್ಟು ದಿನ ತಡೆದೆ. ಆಮೇಲೆ ಒಂದು ಪೊಟ್ಟಣ ರಂಗೋಲಿ ಪುಡಿ ತರಿಸಿ, ಆ ಬಾಗಿಲಿಗೆ ನನ್ನ ಎಂಟೆಸಳಿನ ಹೂವು ಹಾಕಲು ಶುರು ಮಾಡಿದೆ. ಯಾರ ಮನೆಯೂ ಅಲ್ಲದ ಮನೆ, ಬೇಡ ಅನ್ನಲು ಒಳಗೆ ಯಾರೂ ಇರಲಿಲ್ಲ.

ಕೊಟ್ರಮ್ಮ ಸಿಕ್ಕಿದ್ದು ಆ ಹೂವಿನಿಂದಲೇ. ರಾಣೆಬೆನ್ನೂರಿನ ಆಚೆ ಯಾವುದೋ ಹಳ್ಳಿಯವಳು. ಹಳ್ಳಿಯ ಹೆಸರನ್ನು ಒಂದು ಸಲ ಹೇಳಿದ್ದಳು, ನಾನು ಕುಕ್ಕರಿನ ಕಡೆ ಕಿವಿ ಇಟ್ಟಿದ್ದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಗಂಡ ಆಸ್ಪತ್ರೆಯಲ್ಲಿ, ಐಸಿಯುನಲ್ಲಿ ಮಲಗಿದ್ದ. ಅವಳೂ ಅವಳ ಮೈದುನನೂ ಪಾಳಿಯ ಮೇಲೆ ಕಾಯುತ್ತಿದ್ದರು. ಬಂದ ದಿನವೇ ಅವಳು ಲಿಫ್ಟಿನಲ್ಲಿ ತಪ್ಪು ಗುಂಡಿ ಒತ್ತಿ ಎಂಟನೇ ಅಂತಸ್ತಿನಲ್ಲಿ ಇಳಿದು, ಯಾರದೋ ಬಾಗಿಲಿಗೆ ಕೈ ಹಾಕಿ ಬೈಸಿಕೊಂಡಿದ್ದಳಂತೆ. ಮಾರನೇ ದಿನ ನಾನು ಬಾಗಿಲಲ್ಲಿ ನಿಂತಿದ್ದಾಗ ಬಂದಳು. ನೆಲ ನೋಡಿ, ನನ್ನ ಮುಖ ನೋಡಿ, ಇದನ್ನ ನೀವು ಹಾಕೋದೇನ್ರಿ ಅಂದಳು. ಹೌದು ಅಂದೆ.

"ಎಲ್ಲಾ ಬಾಗ್ಲೂ ಒಂದ ನಮೂನಿ ಅದಾವ್ರಿ ಅಕ್ಕಾರ. ನಿಮ್ಮ ರಂಗೋಲಿ ನೋಡೇ ಒಳಗ ಹೊಕ್ಕೊಂತೀನಿ. ಗುರುತು ಸಿಗತೈತಿ. ಕೋಳಿ ಕೆದರಿದಂಗ ಐತಿ."

ನಮ್ಮತ್ತೆ ಹೋದ ಮೇಲೆ ಆ ಮಾತನ್ನು ನನಗೆ ಅಂದವರು ಯಾರೂ ಇರಲಿಲ್ಲ. ನಗು ಬಂತು. ಅವತ್ತು ಒಂದು ಡಬ್ಬಿಯಲ್ಲಿ ಹುರುಳಿ ಸಾರು ಕೊಟ್ಟೆ. ಸಂಜೆ ಅವಳು ಡಬ್ಬಿ ತೊಳೆದು, ಒಂದು ಹಿಡಿ ಸಕ್ಕರೆ ಹಾಕಿ ಹಿಂದಿರುಗಿಸಿದಳು. ಪಾತ್ರೆಯನ್ನು ಖಾಲಿ ಕೊಡಬಾರದಲ್ಲ. ಈ ಕಟ್ಟಡದಲ್ಲಿ ನನ್ನ ಪಾತ್ರೆ ಏನನ್ನಾದರೂ ಹೊತ್ತುಕೊಂಡು ಮನೆಗೆ ಬಂದದ್ದು ಅದೇ ಮೊದಲು. ಅಂದಿನಿಂದ ಡಬ್ಬಿ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಲೇ ಇತ್ತು. ಸಕ್ಕರೆ, ಒಂದು ಲಿಂಬೆಹಣ್ಣು, ಆಸ್ಪತ್ರೆಯ ಮುಂದೆ ಕೊಂಡ ಮಂಡಕ್ಕಿ, ಏನೋ ಒಂದು ಇರುತ್ತಿತ್ತು. ಅವಳ ಗಂಡನನ್ನು ನಾನು ನೋಡಲೇ ಇಲ್ಲ. ಅವನ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ, ಊಟಕ್ಕೆ ಉಪ್ಪು ಮುಂದಾಗಿಯೇ ಬೇಕು.

ಒಂದು ಸಂಜೆ ಕೊಟ್ರಮ್ಮ ಲಿಫ್ಟಿನಿಂದ ಇಳಿದವಳು ನೇರ ನಮ್ಮ ಬಾಗಿಲಿಗೇ ಬಂದಳು. ಮುಖದಲ್ಲಿ ಕಳೆ ಇತ್ತು. ನಾಳೆ ವಾರ್ಡಿಗೆ ಹಾಕುತ್ತೇವೆ ಅಂತ ಡಾಕ್ಟರು ಹೇಳಿದ್ದರಂತೆ. ಎರಡು ಚಮಚ ಗಂಜಿ ಕುಡಿದನಂತೆ.

"ಉಪ್ಪು ಕಮ್ಮಿ ಆಗೈತಿ ಅಂತ ಬೈದ್ರು ಅಕ್ಕಾರ" ಅಂದಳು, ಬಹುಮಾನ ಬಂದವರ ಹಾಗೆ.

"ಬೈದ್ರಾ? ಹಂಗಾದ್ರೆ ಉಳುದ್ರು ಬಿಡು" ಅಂದೆ ನಾನು.

ನಾನು ಹಾಗೆ ಭರವಸೆಯ ಮಾತಾಡುವವಳಲ್ಲ. ಮಾತಾಡಿದೆ. ಅದೂ ಸಾಲದೆಂದು ಬೆಳಿಗ್ಗೆ ಎದ್ದು ದೀಪಾವಳಿಯಲ್ಲಿ ಉಳಿದಿದ್ದ ಬಣ್ಣದ ಪೊಟ್ಟಣಗಳನ್ನು ಹುಡುಕಿದೆ. ಪಕ್ಕದ ಬಾಗಿಲ ಮುಂದೆ ಹೂವನ್ನು ಎಂದಿಗಿಂತ ದೊಡ್ಡದಾಗಿ ಎಳೆದು, ಎಸಳಿಗೆ ಕೆಂಪು, ನಡುವೆ ಹಳದಿ, ಸುತ್ತ ಹಸಿರು ತುಂಬಿದೆ. ಅರಿಶಿನ ಕುಂಕುಮ ಇಟ್ಟೆ. ಮಂಡಿ ಹಿಡಿದುಕೊಂಡಿತು, ಗೋಡೆ ಹಿಡಿದು ಎದ್ದೆ. ಸೊಟ್ಟ ಎಸಳೂ ಅವತ್ತು ಚೆಂದ ಕಂಡಿತು.

ನಸುಕಿನಲ್ಲಿ, ನಾನು ಏಳುವ ಮೊದಲೇ, ಆಸ್ಪತ್ರೆಯಿಂದ ಫೋನು ಬಂದು ಅವಳು ಎದ್ದು ಓಡಿದ್ದು ನನಗೆ ಗೊತ್ತಾಗಲಿಲ್ಲ. ಹಳ್ಳಿಯ ಮನೆಯಾಗಿದ್ದರೆ ಒಂದು ಬಿಕ್ಕು ಕೇಳಿದರೂ ಬೀದಿಗೆ ಬೀದಿಯೇ ಎದ್ದಿರುತ್ತಿತ್ತು. ಇಲ್ಲಿ ಬಾಗಿಲು ಹಾಕಿದರೆ ಗೋಡೆಯ ಆಚೆ ಭೂಮಿ ಬಿರಿದರೂ ತಿಳಿಯುವುದಿಲ್ಲ.

ಲಿಫ್ಟಿನ ಸದ್ದಾಯಿತು. ಚಹಾದ ಲೋಟ ಹಿಡಿದುಕೊಂಡೇ ಬಾಗಿಲು ತೆಗೆದೆ. ಕೊಟ್ರಮ್ಮ, ಅವಳ ಮೈದುನ ನಿಂತಿದ್ದರು. ನಾನು ನಗುನಗುತ್ತಾ, ಯಜಮಾನ್ರು ಹೆಂಗದಾರೆ, ವಾರ್ಡಿಗೆ ಹಾಕಿದ್ರಾ ಅಂತ ಕೇಳಿದೆ. ಇಬ್ಬರೂ ನನ್ನನ್ನು ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದರು.

ಮೈದುನ ಕೇಳಿದ, ಇದನ್ನು ಹಾಕಿದವರು ಯಾರು ಅಂತ. ನಾನೇ ಅಂದೆ.

"ನಮ್ಮಣ್ಣ ಕೆಳಗ ಗಾಡ್ಯಾಗ ಮಲಗ್ಯಾನ್ರಿ" ಅಂದ.

ನಾನು ಲೋಟ ಹಿಡಿದು ನಿಂತೇ ಇದ್ದೆ. ಅವನು ಚಪ್ಪಲಿ ಬಿಟ್ಟ, ಬರಿಗಾಲಿನಲ್ಲಿ ಆ ಹೂವನ್ನು ತಿಕ್ಕತೊಡಗಿದ. ಕೆಂಪು ಹಳದಿ ಹಸಿರು ಎಲ್ಲ ಒಂದಾಗಿ ನೆಲಕ್ಕೆ ಮೆತ್ತಿಕೊಂಡವು, ಅಳಿಸಿದಷ್ಟೂ ಹರಡಿಕೊಂಡವು. ಕೊನೆಗೆ ಅವನು ಸೋತು ತಲೆಯೆತ್ತಿ ಒಂದು ಮಾತನ್ನು ಜೋರಾಗಿ ಅಂದ. ಎದುರು ಮನೆಯವರು ಬಾಗಿಲು ಸಂದು ಮಾಡಿ ಕೇಳಿಸಿಕೊಂಡದ್ದು ಆ ಮಾತನ್ನೇ.

"ಮಂದಿ ಸತ್ರೂ ತಿಳಿಯಂಗಿಲ್ಲೇನ್ರಿ ಈ ಕಟ್ಟಡದಾಗ?"

ಕೊಟ್ರಮ್ಮ ಅವನ ತೋಳು ಹಿಡಿದಳು. "ಬಿಡೋ. ಅವ್ರಿಗೆ ಗೊತ್ತಿಲ್ಲ. ಗ್ವಾಡಿ ದಪ್ಪ ಅದಾವ."

ಒಳಗೆ ಹೋಗಿ ಬಟ್ಟೆಬರೆ ತುಂಬಿಕೊಂಡು ಬಂದರು. ತುಂಬಲು ಬಹಳವೇನೂ ಇರಲಿಲ್ಲ. ಬೀಗ ತಾನಾಗಿಯೇ ಬಿದ್ದಿತು. ಕೊಟ್ರಮ್ಮ ನನ್ನ ಡಬ್ಬಿಯನ್ನು ತೊಳೆದು ತಂದಿದ್ದಳು. ಅಂಥ ಹೊತ್ತಿನಲ್ಲಿ ಅದನ್ನು ತೊಳೆಯಲು ಅವಳಿಗೆ ಹೇಗೆ ಕೈ ಬಂತೋ. ಖಾಲಿ ಕೊಡಾಕತ್ತೀನ್ರಿ ಅಂದಳು, ಅಷ್ಟೇ. ಹೋಗಿ ಬರುತ್ತೇನೆ ಅಂತ ಅವಳು ಅನ್ನಲಿಲ್ಲ, ಹೋಗಿ ಬಾ ಅಂತ ನಾನೂ ಅನ್ನಲಿಲ್ಲ. ಸಾವಿನಲ್ಲಿ ಆ ಮಾತು ಆಡುವುದಿಲ್ಲ.

ನಾನು ಇನ್ನೊಂದು ಲಿಫ್ಟಿಗೆ ಕಾದು ಕೆಳಗೆ ಇಳಿದೆ, ಮುಖ ನೋಡಿ ಕೈ ಮುಗಿಯೋಣ ಅಂತ. ಅಂಗಳ ಖಾಲಿ. ಹೆಣದ ಗಾಡಿ ಮುಂದಿನ ಗೇಟಿನಲ್ಲಿ ನಿಲ್ಲುವುದು ಬೇಡ ಎಂದು ಕಾವಲಿನವನು ಅದನ್ನು ಹಿಂದಿನ ರಸ್ತೆಗೆ ಕಳಿಸಿದ್ದನಂತೆ. ನಾನು ಸುತ್ತು ಹಾಕಿ ಅಲ್ಲಿಗೆ ಹೋಗುವಷ್ಟರಲ್ಲಿ ಹೊರಟುಹೋಗಿತ್ತು. ಆಮೇಲೆ ಮಾತಾಡಿಸಿಕೊಂಡು ಬರಲಾದರೂ ಹೋಗಬೇಕಲ್ಲ, ಯಾವ ಊರಿಗೆ ಅಂತ ಹೋಗಲಿ? ಕುಕ್ಕರಿನ ಸೀಟಿ ನೆನಪಿದೆ, ಊರಿನ ಹೆಸರಿಲ್ಲ.

ಮಧ್ಯಾಹ್ನದ ಹೊತ್ತಿಗೆ ವಾಟ್ಸಪ್ ಗುಂಪಿನಲ್ಲಿ ಸುದ್ದಿ ಬಲಿತಿತ್ತು. ದಿನದ ಬಾಡಿಗೆಯವರು ಒಂಬತ್ತನೇ ಅಂತಸ್ತಿನ ಅಜ್ಜಿಯ ಮೇಲೆ ಕೂಗಾಡಿದರು. ಅಜ್ಜಿಯನ್ನು ನೂಕಿದರು. ಅಜ್ಜಿಯ ಬಿಪಿ ಏರಿದೆ. ನಾನು ಊಟಕ್ಕೆ ಕೂತು ಮುದ್ದೆ ಮುರಿಯುತ್ತಿದ್ದೆ, ಮಂಗಳಾ ಪಕ್ಕದಲ್ಲಿ ಕೂತು ನನ್ನ ಬಿಪಿಯ ಸುದ್ದಿ ಓದಿ ಹೇಳುತ್ತಿದ್ದಳು. ಸಂಜೆ ಮೀಟಿಂಗು ಕರೆದಿದ್ದರು. ಅಷ್ಟು ದಿನ ಕಾದವರಿಗೆ ಕಾರಣ ಸಿಕ್ಕಿತ್ತು. ನನ್ನ ಬಾಯಿಂದ ಒಂದು ಮಾತು ಬಂದರೆ ಆ ಮನೆಯನ್ನು ಬಂದ್ ಮಾಡಿಸಬಹುದಿತ್ತು.

"ಏನೂ ಸುಳ್ಳು ಹೇಳ್ಬ್ಯಾಡ ಅವ್ವ. ಜೋರು ಮಾಡಿದ್ರು ಅಂತ ಹೇಳು ಸಾಕು. ಮಾಡಿದ್ದು ನಿಜ ಐತಲ್ಲ" ಅಂದಳು ಮಂಗಳಾ.

ಮೀಟಿಂಗು ನಡೆದದ್ದು ಕೆಳಗಿನ ಹಾಲಿನಲ್ಲಿ, ಟೇಬಲ್ ಟೆನಿಸ್ ಆಡುವ ಮೇಜಿನ ಸುತ್ತ. ಎಲ್ಲರೂ ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಅದುವರೆಗೆ ಲಿಫ್ಟಿನಲ್ಲಿ ಒಬ್ಬರೂ ನೋಡಿದ್ದಿಲ್ಲ. ನಾನು ಅಲ್ಲಿ ಕೂತಿದ್ದರೂ ಅವರ ಮಾತು ಕೇಳಿಸಿಕೊಳ್ಳಲಿಲ್ಲ. ನನ್ನ ತಲೆ ಹರಿಹರದ ವಠಾರದಲ್ಲಿತ್ತು.

ನನ್ನ ಗಂಡ ಗುತ್ತೂರಿನ ಹತ್ತಿರ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವರು ಹೋದದ್ದೂ ಆಸ್ಪತ್ರೆಯಲ್ಲೇ. ಬೆಳಿಗ್ಗೆ ಗಾಡಿಯಲ್ಲಿ ಮನೆಗೆ ತಂದೆವು. ವಠಾರದಲ್ಲಿ ಸಾಲಾಗಿ ಮನೆಗಳು, ಎಲ್ಲರಿಗೂ ಒಂದೇ ನಲ್ಲಿ. ಗಾಡಿಯಿಂದ ಇಳಿದು ನೋಡುತ್ತೇನೆ, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದು ಬಾಗಿಲಿಗೂ ರಂಗೋಲಿ ಇಲ್ಲ. ಗುಡಿಸಿದ್ದರು, ನೀರು ಹಾಕಿದ್ದರು, ಹಾಗೇ ಬಿಟ್ಟಿದ್ದರು. ನೀರಿಗಾಗಿ ನನ್ನೊಂದಿಗೆ ವರ್ಷಗಟ್ಟಲೆ ಜಗಳವಾಡಿ ಮಾತು ಬಿಟ್ಟಿದ್ದವಳೊಬ್ಬಳಿದ್ದಳು. ಅವಳ ಬಾಗಿಲೂ ಬೋಳು. ಅವಳು ಬಂದು ಅಳಲಿಲ್ಲ, ನನ್ನ ಕೈ ಹಿಡಿಯಲಿಲ್ಲ. ರಂಗೋಲಿ ಹಾಕಲಿಲ್ಲ, ಅಷ್ಟೇ. ನನಗೆ ಅದು ಸಾಕಾಗಿತ್ತು. ಆ ಸಾಲಿನ ಬಾಗಿಲುಗಳನ್ನು ನೋಡಿದ ಮೇಲೆಯೇ ನನಗೆ ಅಳು ಬಂದದ್ದು.

ಕೊಟ್ರಮ್ಮ ಲಿಫ್ಟಿನಿಂದ ಇಳಿದಾಗ ನೋಡಿದ್ದೇನು? ಮೂರು ಬಾಗಿಲಲ್ಲಿ ನವಿಲು, ಕಮಲ. ತನ್ನ ಬಾಗಿಲಲ್ಲಿ ಹಬ್ಬ.

ಸೆಕ್ರೆಟರಿಯವರು ನಿವೃತ್ತರಾದ ಮರ್ಯಾದಸ್ಥರು. ಅಜ್ಜಿ, ಅವರು ನಿಮಗೆ ಏನೇನಂದರು, ಹೆದರದೆ ಹೇಳಿ ಅಂದರು.

"ಯಾರೂ ಬೈದಿಲ್ಲ" ಅಂದೆ. "ಸತ್ತವನ ಬಾಗ್ಲಿಗೆ ನಾನು ಬಣ್ಣ ತುಂಬಿದ್ದೆ. ಅವನ ತಮ್ಮ ಕಾಲಲ್ಲಿ ಅಳಿಸಿದ. ಅವನ ಜಾಗದಾಗ ನಾನಿದ್ರೂ ಅಳಿಸ್ತಿದ್ದೆ."

ಆಮೇಲೆ ಯಾರೋ ಕೇಳಿದರು, ಕಲ್ಲಿನ ಸಂದಿನಲ್ಲಿ ಕೆಂಪು ಬಣ್ಣ ಹಿಡಿದುಕೊಂಡಿದೆಯಲ್ಲ, ಅದು ಹೋಗುತ್ತದೋ ಇಲ್ಲವೋ ಅಂತ. ಮಾತು ಆ ಕಡೆ ಹೊರಳಿತು. ಬಾಡಿಗೆ ಮನೆ ಬಂದ್ ಮಾಡಿಸುವ ವಿಚಾರವನ್ನು ವಕೀಲರನ್ನು ಕೇಳಿ ನೋಡೋಣ ಎಂದು ಮುಂದಕ್ಕೆ ಹಾಕಿದರು. ಅಲ್ಲೇ ತೀರ್ಮಾನವಾದದ್ದು ಒಂದೇ. ಇನ್ನು ಮುಂದೆ ಯಾರೂ ಯಾವ ಬಾಗಿಲಿಗೂ ಪುಡಿ ರಂಗೋಲಿ ಹಾಕಕೂಡದು, ಸ್ಟಿಕ್ಕರು ಮಾತ್ರ.

ಲಿಫ್ಟಿನಲ್ಲಿ ಮೇಲೆ ಬರುವಾಗ ಮಂಗಳಾ ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ ಕೇಳಿದಳು, "ಒಂದು ಮಾತು ಅಂದಿದ್ರೆ ಎಲ್ಲ ಮುಗೀತಿತ್ತು. ಅವ್ರು ನಿನಗೆ ಏನಾಗ್ಬೇಕು ಅವ್ವ?"

ಏನಾಗಬೇಕು ಅಂತ ನಾನೂ ಲೆಕ್ಕ ಹಾಕಿ ನೋಡಿದೆ. ನೆಂಟರಲ್ಲ. ಗೆಳತಿ ಅನ್ನಲು ದಿನ ಸಾಲದು. ಬಾಡಿಗೆಗೆ ಬಂದವರು, ಹೋದರು. ಒಂಬತ್ತನೇ ಅಂತಸ್ತು ಬಂತು, ಇಳಿದೆವು.

ಮರುದಿನ ಬೆಳಿಗ್ಗೆ ಎದ್ದು ದೋಸೆ ಮಗುಚುವ ಕೈಯನ್ನು ತೆಗೆದುಕೊಂಡು ಹೊರಗೆ ಬಂದೆ. ನಮ್ಮ ಬಾಗಿಲ ಮುಂದೆ ಕೂತು ಸ್ಟಿಕ್ಕರನ್ನು ಕೆರೆಯತೊಡಗಿದೆ. ಗಟ್ಟಿಯಾಗಿ ಕೂತಿತ್ತು. ನವಿಲಿನ ಕುತ್ತಿಗೆ ಮೊದಲು ಎದ್ದಿತು, ಆಮೇಲೆ ಕಮಲ ಚೂರುಚೂರಾಗಿ ಬಂತು. ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದೆ. ಸದ್ದಿಗೆ ಮಂಗಳಾ ಬಂದು ಬಾಗಿಲಲ್ಲಿ ನಿಂತಳು. ಅವಳೂ ಹರಿಹರದ ಆ ವಠಾರದಲ್ಲೇ ಬೆಳೆದವಳು. ಒಳಗೆ ಹೋಗಿ, ಚಿಂದಿ ತುಂಬಲು ಮೊರ ತಂದುಕೊಟ್ಟಳು. ಎರಡೂ ಬಾಗಿಲ ಮುಂದೆ ಒಂದೊಂದು ಚೊಂಬು ನೀರು ಹಾಕಿ ಒರೆಸಿದೆ, ಬೋಳಾಗಿಯೇ ಬಿಟ್ಟೆ.

ಆಗ ಲಿಫ್ಟು ತೆರೆಯಿತು. ಪಕ್ಕದ ಮನೆಗೆ ಆಗಲೇ ಬೇರೆಯವರು ಬಂದಿದ್ದರು. ನಡುವಯಸ್ಸಿನ ಮಗ, ಬೀಗದ ನಂಬರಿಗಾಗಿ ಫೋನು ನೋಡುತ್ತಿದ್ದ. ಹಿಂದೆ ಅವನ ತಾಯಿ, ಕೈಯಲ್ಲಿ ಫ್ಲಾಸ್ಕು. ಆಕೆ ಎರಡು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು. ಆ ಬಾಗಿಲು ನೋಡಿದಳು, ಈ ಬಾಗಿಲು ನೋಡಿದಳು. ಸೆರಗು ತಲೆಗೆ ಎಳೆದುಕೊಂಡು, ದನಿ ತಗ್ಗಿಸಿ ನನ್ನನ್ನು ಕೇಳಿದಳು, "ಯಾರು ಹೋದ್ರವ್ವ?"

"ನಮ್ಮ ಪಕ್ಕದ ಮನೆಯವ್ರು" ಅಂದೆ.